ಮುಖ ಅಳುತ್ತಿದೆ, ಮೈ ಸುಮ್ನೆ ನಿಂತಿದೆ

ಇದ್ದಿಲು:
ಅಕ್ಕನ ಮದುವೆಯಲ್ಲಿ ಹೆಣ್ಣೊಪ್ಪಿಸುವಾಗ ಅಪ್ಪ ನಿಂತಿದ್ದ ರೀತಿಯನ್ನು ಎಣ್ಣೆ ಬಣ್ಣದಲ್ಲಿ ಮಾಡುತ್ತಿದ್ದೇನೆ, ಎರಡು ತಿಂಗಳಾಯಿತು. ಆಗ ಅವರಿಗೆ ಖುಷಿಯೂ ಇತ್ತು, ಸಂಕಟವೂ ಇತ್ತು, ಯಾರ ಮೇಲೋ ಸಿಟ್ಟೂ ಇತ್ತು. ನನ್ನ ಕ್ಯಾನ್ವಾಸಿನಲ್ಲಿ ಬರೀ ಅಳುವ ಮುಖ. ಅಳತೆಯೆಲ್ಲ ಸರಿಯಿದೆ, ಫೋಟೋ ನೋಡಿಯೇ ಬಿಡಿಸಿದ್ದು. ಎಲ್ಲಿ ತಪ್ಪುತ್ತಿದ್ದೇನೆ?

ಬಣ್ಣದಡಬ್ಬಿ:
ಮುಖದ ಮೇಲೊಂದು ಕಾಗದ ಅಂಟಿಸಿ ನೋಡಿ. ಆಗಲೂ ಏನಾದರೂ ಅನ್ನಿಸುತ್ತಾ? ವಿಯೆನ್ನಾದ ಬೆಲ್ವೆಡೇರ್ ಮ್ಯೂಸಿಯಂ‌ನಲ್ಲಿ ಚಿತ್ರಕಾರ ಎಗಾನ್ ಶೀಲೆಯ ‘ಸಾವು ಮತ್ತು ಹುಡುಗಿ’ ಇದೆ, 1915ರದ್ದು. ನೆಟ್‌ನಲ್ಲಿ ಸಿಗುತ್ತೆ, ದೊಡ್ಡದು ಮಾಡಿ ಕೈಗಳನ್ನಷ್ಟೇ ನೋಡಿ. ಹುಡುಗಿ ಸಾವಿನ ರೂಪದ ಗಂಡಸನ್ನು ತಬ್ಬಿದ್ದಾಳೆ, ಆದರೆ ಬೆರಳು ಗಟ್ಟಿಯಾಗಿ ಹೆಣೆದುಕೊಂಡಿಲ್ಲ, ಇನ್ನೇನು ಬಿಟ್ಟುಹೋಗುತ್ತೆ ಅನ್ನೋ ಹಾಗಿದೆ. ಅವನ ಒಂದು ಕೈ ಅವಳ ತಲೆ ಮೇಲೆ. ಇನ್ನೊಂದು ಹೆಗಲ ಮೇಲಿದೆ, ಅದು ಎಳೆದುಕೊಳ್ಳುತ್ತಿದೆಯೋ ತಳ್ಳುತ್ತಿದೆಯೋ, ನಾನು ಎಷ್ಟು ಸಲ ನೋಡಿದರೂ ಗೊತ್ತಾಗಿಲ್ಲ. ಅದೇ ವರ್ಷ ಶೀಲೆ ಜೊತೆಗಿದ್ದ ಗೆಳತಿ ವಾಲಿಯನ್ನು ಬಿಟ್ಟು ಎಡಿತ್‌ಳನ್ನು ಮದುವೆಯಾದ.

ಹಳೇಬ್ರಶ್:
ಅದು ಸರಿ, ಆದರೆ ಶೀಲೆ ಅಂದ ಕೂಡಲೇ ಎಲ್ಲರೂ ಗಂಟುಗಂಟು ಬೆರಳು ಬರೆಯೋಕೆ ಶುರು ಮಾಡುತ್ತಾರೆ. ನಾನೂ ಒಂದು ವರ್ಷ ಅದನ್ನೇ ಮಾಡಿದೆ, ಮನೆಮಂದಿಯೆಲ್ಲ ಟೈಫಾಯ್ಡ್‌ನಿಂದ ಎದ್ದವರ ಹಾಗೆ ಕಾಣುತ್ತಿದ್ದರು. ನಮ್ಮ ದೇಶದ ಚಿತ್ರಕಾರ ತಯೇಬ್ ಮೆಹ್ತಾರನ್ನೂ ನೋಡಿ. 1947ರ ಗಲಭೆಯಲ್ಲಿ ಮುಂಬೈನ ಬೀದಿಯಲ್ಲಿ ಜನ ಒಬ್ಬನನ್ನು ಕೊಂದದ್ದನ್ನು ಕಿಟಕಿಯಿಂದ ಕಂಡವರು. ಅದು ಅವರನ್ನು ಬಿಡಲೇ ಇಲ್ಲ. ಆಮೇಲೆ ಬೀಳುವ ಮೈಗಳನ್ನು ಎಷ್ಟೋ ವರ್ಷ ಬರೆದರು. ಅಲ್ಲಿ ಕಣ್ಣೀರಿಲ್ಲ, ನೆರಳು ಬೆಳಕಿನ ಆಟ ಕೂಡ ಕಡಿಮೆ, ಚಪ್ಪಟೆ ಬಣ್ಣ, ದಿಕ್ಕೆಟ್ಟ ಕೈಕಾಲು, ಅಷ್ಟೇ. ಎಲ್ಲ ಭಾರದ ಲೆಕ್ಕ. ನಿಮ್ಮ ಅಪ್ಪ ಆಗ ಯಾವ ಕಾಲಿನ ಮೇಲೆ ಭಾರ ಹಾಕಿದ್ದರು? ನೆನಪಿಲ್ಲ ಅಲ್ವಾ? ಹಾಗಾದರೆ ನೀವೇ ಹಾಗೆ ನಿಂತು ನೋಡಿ, ಫೋಟೋ ಪಕ್ಕಕ್ಕಿಡಿ, ರಬ್ಬರ್ ಮುಟ್ಟದೆ ಇಪ್ಪತ್ತು ಸಲ ಬಿಡಿಸಿ.

ಇದ್ದಿಲು:
ಮುಖ ಮುಚ್ಚಿ ನೋಡಿದೆ. ಬಟ್ಟೆ ಅಂಗಡಿ ಬೊಂಬೆ! ಫೋಟೋ ಪಕ್ಕಕ್ಕಿಡಿ ಅಂದಿರಿ, ಕ್ಷಮಿಸಿ, ನಾನು ಇನ್ನೊಂದು ಹುಡುಕಿದೆ. ಆಲ್ಬಮ್‌ಗೆ ಹಾಕುವಾಗ ಸೊಂಟದಿಂದ ಕೆಳಗೆ ಕತ್ತರಿಸಿಬಿಟ್ಟಿದ್ದರು, ಪೂರ್ತಿಯದ್ದು ಪೆನ್‌ಡ್ರೈವ್‌ನಲ್ಲಿತ್ತು. ಬಲಗೈ ಅಕ್ಕನ ಕೈಯನ್ನು ಬೀಗರಿಗೆ ಕೊಡುತ್ತಿದೆ. ಎಡಗೈ ಶಲ್ಯದ ಅಂಚನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದೆ. ನನ್ನ ಕ್ಯಾನ್ವಾಸಿನಲ್ಲಿ ಆ ಕೈಗೆ ಜಾಗವೇ ಇಲ್ಲ, ಹೊಸದು ಬಿಗಿಯಬೇಕು.