1918ರ ಬೆಳ್ಳಿ ರೂಪಾಯಿಗೆ ಕಾಮನಬಿಲ್ಲಿನ ಬಣ್ಣ: ತೊಳೆಯುವುದೋ, ಹಾಗೇ ಮಾರುವುದೋ?

ಪ್ರಶ್ನೆ: ಸರ್, ಐದನೇ ಜಾರ್ಜ್‌ನ 1918ರ ಬೆಳ್ಳಿ ರೂಪಾಯಿ ಒಂದಿದೆ. ವರ್ಷಗಟ್ಟಲೆ ಕಾಗದದ ಲಕೋಟೆಯಲ್ಲಿತ್ತು. ಅಂಚಿನಲ್ಲಿ ನೀಲಿ, ಒಳಗೆ ನೇರಳೆ, ನಡುವೆ ಹೊಂಬಣ್ಣ. ಬೆಳ್ಳಿ ಅಂಗಡಿಯವರು "ಕಪ್ಪಾಗಿದೆ, ತೂಕದ ರೇಟು ಕೊಡ್ತೀವಿ" ಅಂದರು. ಯೂಟ್ಯೂಬಿನಲ್ಲಿ ಇಂಥದ್ದಕ್ಕೆ ಲಕ್ಷಗಟ್ಟಲೆ ಅಂತಾರೆ. ಪಾಲಿಶ್ ಮಾಡಿಸಿ ಮಾರಲಾ?

ಉತ್ತರ: ಪಾಲಿಶ್ ಬೇಡವೇ ಬೇಡ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ತಾಗಬಾರದು. ಒಂದು ಸಲ ಉಜ್ಜಿದರೆ ಸಾಕು, ಕೂದಲೆಳೆಯಂಥ ಗೆರೆ ಬೀಳುತ್ತವೆ. ಆಮೇಲೆ ನಿಜವಾಗಿಯೂ ತೂಕದ ರೇಟೇ ಗತಿ. 11.66 ಗ್ರಾಂ ನಾಣ್ಯದಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ, ಅಷ್ಟರ ದುಡ್ಡು ಸಿಗುತ್ತದೆ.

ಗಾಳಿಯಲ್ಲೂ ಕಾಗದದಲ್ಲೂ ಇರುವ ಗಂಧಕ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡಿನ ತೆಳುಪೊರೆ ಕಟ್ಟುತ್ತದೆ. ಪೊರೆಯ ಮೇಲಿನಿಂದಲೂ ತಳದಿಂದಲೂ ಮರಳುವ ಬೆಳಕು ಒಂದಕ್ಕೊಂದು ಸೇರುವುದರಿಂದ ಈ ಬಣ್ಣ, ನೀರಿನ ಮೇಲೆ ಎಣ್ಣೆ ಹರಡಿದಾಗ ಕಾಣುವ ಹಾಗೇ. ಪೊರೆ ದಪ್ಪವಾದಂತೆ ಬಣ್ಣ ಒಂದು ವರಸೆಯಲ್ಲಿ ಬದಲಾಗುತ್ತದೆ: ತಿಳಿ ಹೊಂಬಣ್ಣ, ಕಂದುಗೆಂಪು, ನೇರಳೆ, ಕಡುನೀಲಿ, ತಿಳಿನೀಲಿ. ಎರಡನೇ ಸುತ್ತಿನಲ್ಲಿ ಮತ್ತೆ ಹಳದಿ, ಗುಲಾಬಿ, ಹಸಿರು. ಕೊನೆಗೆ ಕಪ್ಪು. ಲಕೋಟೆಯಲ್ಲಿಟ್ಟ ನಾಣ್ಯಕ್ಕೆ ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ಬಣ್ಣ ಏರುತ್ತದೆ. ನಿಮ್ಮದರಲ್ಲಿ ಅಂಚು ನೀಲಿ, ಆಮೇಲೆ ನೇರಳೆ, ನಡುವೆ ಹೊಂಬಣ್ಣ. ವರಸೆ ಸರಿಯಿದೆ, ಒಳ್ಳೆಯ ಲಕ್ಷಣ.

ಯೂಟ್ಯೂಬಿನ ಲಕ್ಷದ ಕಥೆ ಹೆಚ್ಚಾಗಿ ಅಮೆರಿಕದ ಮಾರ್ಗನ್ ಡಾಲರಿನದು. ಅವು ಸಾವಿರ ಸಾವಿರದ ಕ್ಯಾನ್ವಾಸ್ ಚೀಲಗಳಲ್ಲಿ ದಶಕಗಟ್ಟಲೆ ಖಜಾನೆಯಲ್ಲಿ ಬಿದ್ದಿದ್ದವು. ಕೆಲವದರ ಮೇಲೆ ಬಟ್ಟೆಯ ನೇಯ್ಗೆಯೇ ಬಣ್ಣವಾಗಿ ಮೂಡಿದೆ. ಅಲ್ಲಿ ಬಣ್ಣಕ್ಕೇ ಪ್ರತ್ಯೇಕ ಗಿರಾಕಿಗಳಿದ್ದಾರೆ. ನಮ್ಮಲ್ಲಿ ಮೊದಲು ಇಸವಿ, ಟಂಕಸಾಲೆ, ಸವೆತ ನೋಡುತ್ತಾರೆ, ಬಣ್ಣ ಆಮೇಲೆ. 1918 ಬೇಕಾದಷ್ಟು ಸಿಗುವ ಇಸವಿ. ಹಿಂಬದಿಯಲ್ಲಿ ಕೆಳಗಿನ ಕಮಲದ ಅಡಿ ಸಣ್ಣ ಚುಕ್ಕೆ ಇದ್ದರೆ ಬೊಂಬಾಯಿ, ಇಲ್ಲದಿದ್ದರೆ ಕಲ್ಕತ್ತ.

ಪ್ರಶ್ನೆ: ಬೇಕೆಂದೇ ಬಣ್ಣ ಹಾಕಿದ ನಾಣ್ಯವನ್ನು ಕಣ್ಣಲ್ಲೇ ಹಿಡಿಯಬಹುದಾ ಸರ್?

ಉತ್ತರ: ಬಹಳಷ್ಟನ್ನು ಹಿಡಿಯಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ), ಒಂದೇ ಬಲ್ಬು ಸಾಕು. ನಾಣ್ಯವನ್ನು ಮೆಲ್ಲಗೆ ವಾಲಿಸಿ. ಟಂಕಸಾಲೆಯಲ್ಲಿ ಅಚ್ಚಾದಾಗಿನ ಹೊಳಪು ಉಳಿದಿದ್ದರೆ ಬೆಳಕು ಬಂಡಿಚಕ್ರದ ಅರೆಗಳಂತೆ ಸುತ್ತುತ್ತದೆ, ಬಣ್ಣವೂ ಅದರ ಜೊತೆ ಜೀವಂತವಾಗಿ ಬದಲಾಗುತ್ತದೆ. ಬಿಸಿ ಮಾಡಿಯೋ ಗಂಧಕದ ದ್ರಾವಣ ಹಚ್ಚಿಯೋ ತಂದ ಬಣ್ಣ ಮೇಲೆ ಬಳಿದಂತೆ ಮಂಕಾಗಿ ಕೂತಿರುತ್ತದೆ. ಹಾಗೆ ಬಣ್ಣ ತರುವವರಿಗೆ ವರ್ಷಗಳ ಕೆಲಸ ಗಂಟೆಯಲ್ಲಿ ಆಗಬೇಕು, ಅದಕ್ಕೇ ವರಸೆ ತಪ್ಪುತ್ತದೆ: ಹಸಿರಿನ ಪಕ್ಕದಲ್ಲೇ ಬರಿ ಬೆಳ್ಳಿ, ನಡುವಿನ ಬಣ್ಣಗಳೇ ಇಲ್ಲ.

ಆಮೇಲೆ ರಾಜನ ಹುಬ್ಬು, ಕಿವಿ, ನಿಲುವಂಗಿಯ ಮೇಲಿನ ಆನೆ ನೋಡಿ. ಮೊದಲು ಸವೆಯುವುದು ಅವೇ. ಚೆನ್ನಾಗಿ ಸವೆದ ಆನೆಯ ಮೇಲೂ ಥಳಥಳ ನೇರಳೆ ಇದ್ದರೆ ನನಗೆ ಅನುಮಾನ. ಗೀರಿನ ಒಳಗೂ ಹೊರಗೂ ಬಣ್ಣ ಒಂದೇ ಆಗಿದ್ದರೆ, ಗೀರು ಬಿದ್ದ ಮೇಲೆ ಬಣ್ಣ ಬಂದಿದೆ ಎಂದರ್ಥ. ಬಣ್ಣದಡಿ ಉಜ್ಜಿದ ಗೆರೆಗಳಿದ್ದರೆ ಹಿಂದೆ ಯಾರೋ ತೊಳೆದು, ಮತ್ತೆ ತಾನಾಗಿ ಬಣ್ಣ ಹತ್ತಿದೆ. ಅದು ಮೋಸವಲ್ಲ, ಆದರೆ ಬೆಲೆ ಇಳಿಯುತ್ತದೆ.

ಇನ್ನೊಬ್ಬರ ಪ್ರಶ್ನೆ: ನನ್ನ ಬಳಿ 1969ರ ಗಾಂಧಿ ಹತ್ತು ರೂಪಾಯಿ ಇದೆ, ಮೆತ್ತನೆ ಪ್ಲಾಸ್ಟಿಕ್ ಪೌಚಿನಲ್ಲಿತ್ತು. ಅಲ್ಲಲ್ಲಿ ಹಸಿರು, ಸ್ವಲ್ಪ ಅಂಟು. ಇದೂ ಟೋನಿಂಗೇನಾ, ಅಂದರೆ ತಾನಾಗಿ ಹತ್ತಿದ ಬಣ್ಣವೇ?

ಉತ್ತರ: ಅಂಟು ಅಂದಿರಲ್ಲ, ಅಲ್ಲೇ ಉತ್ತರ ಇದೆ. ಅದು ಪಿವಿಸಿ ಪ್ಲಾಸ್ಟಿಕ್ ಬಿಟ್ಟ ಎಣ್ಣೆ, ಆಮ್ಲ. ಹಾಗೇ ಬಿಟ್ಟರೆ ಬೆಳ್ಳಿಯನ್ನು ತಿನ್ನುತ್ತದೆ. ಆ ನಾಣ್ಯದಲ್ಲಿ ಬೆಳ್ಳಿ 80%, ಉಳಿದದ್ದರಲ್ಲಿ ತಾಮ್ರವಿರುವುದರಿಂದ ಹಸಿರು ಬೇಗ ಕಾಣುತ್ತದೆ. ಶುದ್ಧ ಅಸಿಟೋನ್ ತನ್ನಿ, ನೈಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ಬಣ್ಣ, ಪರಿಮಳ ಬೆರೆತಿರುತ್ತವೆ. ಗಾಜಿನ ಬಟ್ಟಲಲ್ಲಿ ಮುಳುಗುವಷ್ಟು ಹಾಕಿ ಐದು ನಿಮಿಷ ಬಿಡಿ, ಒಮ್ಮೆ ತಿರುವಿ. ಉಜ್ಜಬಾರದು. ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ, ಅಂಚು ಹಿಡಿದು ತೆಗೆದು ಗಾಳಿಗೆ ಒಣಗಿಸಿ. ಕಿಟಕಿ ತೆರೆದಿರಲಿ, ಒಲೆ, ದೀಪ ಹತ್ತಿರ ಇರಬಾರದು. ಸಹಜ ಸಲ್ಫೈಡಿನ ಬಣ್ಣ ಅಸಿಟೋನಿಗೆ ಹೋಗುವುದಿಲ್ಲ. ಹೋದರೆ ಅದು ಶಾಯಿಯೋ ವಾರ್ನಿಷೋ. ಹೋಗದಿದ್ದರೆ ಅಸಲಿ ಅಂತಲೂ ಹೇಳಲಾಗದು, ಗಂಧಕ ಹಚ್ಚಿದ್ದೂ ಉಳಿಯುತ್ತದೆ.

ಪ್ರಶ್ನೆ (ಮೊದಲು ಕೇಳಿದವರು): ನಾಣ್ಯ ಪರೀಕ್ಷಿಸಿ ದರ್ಜೆಯ ಅಂಕಿ ಕೊಡುವ ಅಮೆರಿಕದ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿಗೆ ಕಳಿಸಿ ದರ್ಜೆ ಹಾಕಿಸಿದರೆ ಬೆಲೆ ಏರುತ್ತಾ?

ಉತ್ತರ: ನಿಮ್ಮ ನಾಣ್ಯಕ್ಕೆ ನೂರು ವರ್ಷ ದಾಟಿದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ, ಆನ್‌ಲೈನಿನಲ್ಲಿ ಹೊರದೇಶದ ಗಿರಾಕಿಗೂ ಕೊಡುವಂತಿಲ್ಲ. ನಾಣ್ಯ ಅಸಲಿಯಾಗಿದ್ದರೂ ಬಣ್ಣ ಅನುಮಾನಾಸ್ಪದ ಅನಿಸಿದರೆ ಆ ಸಂಸ್ಥೆಗಳು ಅಂಕಿ ಕೊಡದೆ ಬರಿ "ಅಸಲಿ" ಎಂದು ಹಿಂದಿರುಗಿಸುವುದುಂಟು, ಶುಲ್ಕ ವಾಪಸಿಲ್ಲ. ಹಾಗಾಗಿ ದೇಶದೊಳಗಿನ ಹರಾಜೋ ನಾಣ್ಯ ಪ್ರದರ್ಶನವೋ ನೋಡಿ.

ಬೆಲೆಗೆ, ಅದೇ ಇಸವಿ, ಅದೇ ಟಂಕಸಾಲೆ, ಅಷ್ಟೇ ಸವೆತದ, ಬಣ್ಣ ಹತ್ತದ ಬಿಳಿ ನಾಣ್ಯ ಹಿಂದಿನ ಹರಾಜುಗಳಲ್ಲಿ ಎಷ್ಟಕ್ಕೆ ಹೋಗಿದೆ ನೋಡಿ. ಕೇಳಿದ ಬೆಲೆ ಬೇಡ, ಮಾರಾಟವಾದ ಬೆಲೆ. ನಿಮ್ಮ ಕನಿಷ್ಠ ಬೆಲೆ ಅದೇ ಇರಲಿ. ಬಣ್ಣ ಇಷ್ಟಪಡುವ ಇಬ್ಬರು ಸಿಕ್ಕರೆ ಹರಾಜು ತಾನೇ ಏರುತ್ತದೆ, ಒಬ್ಬನೇ ಇದ್ದರೆ ಏರುವುದಿಲ್ಲ.

ಫೋಟೊದಲ್ಲೇ ಅರ್ಧ ವ್ಯಾಪಾರ. ಗಡಿಯಾರದ ಮುಖದ ಲೆಕ್ಕದಲ್ಲಿ ಹತ್ತಕ್ಕೂ ಎರಡಕ್ಕೂ ಒಂದೊಂದು ಬಿಳಿ ದೀಪ, ಕೆಳಗೆ ಬಿಳಿ ಕಾಗದ. ಕಾಗದ ಫೋಟೊದಲ್ಲೂ ಬಿಳಿಯಾಗಿಯೇ ಕಂಡರೆ ಬಣ್ಣ ನಂಬಬಹುದು. ಒಂದು ಫೋಟೊ ನೇರಕ್ಕೆ, ಒಂದು ತುಸು ವಾಲಿಸಿ, ಜೊತೆಗೆ ಹತ್ತು ಸೆಕೆಂಡಿನ ವಿಡಿಯೊ. ಫಿಲ್ಟರ್ ಹಾಕಿ ಬಣ್ಣ ಏರಿಸಿದರೆ ನಾಣ್ಯ ಕೈಗೆ ಬಂದ ದಿನವೇ ಗಿರಾಕಿ ವಾಪಸು ಕಳಿಸುತ್ತಾನೆ. ಹರಾಜಿಗೆ ಕೊಡುವ ಮುಂಚೆ ಮಾರುವವರ ಕಮಿಷನ್ ಎಷ್ಟು, ಮಾರಾಟವಾಗದಿದ್ದರೆ ಖರ್ಚು ಯಾರದು, ಎರಡನ್ನೂ ಬರಹದಲ್ಲಿ ಕೇಳಿ.

ಪ್ರಶ್ನೆ: ಮಾರುವ ತನಕ ಅದೇ ಲಕೋಟೆಯಲ್ಲಿ ಇಡಲಾ?

ಉತ್ತರ: ಬೇಡ, ನೀಲಿ ಮುಂದೆ ಹೋಗಿ ಕಪ್ಪಾದರೆ ಹಿಂದಕ್ಕೆ ಬರುವುದಿಲ್ಲ. 30.5 ಮಿಮೀ ನಾಣ್ಯ ಕೂರುವ ಗಟ್ಟಿ ಕ್ಯಾಪ್ಸೂಲಿಗೆ ಹಾಕಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ. ಮಲೆನಾಡು, ಕರಾವಳಿಯಲ್ಲಿದ್ದರೆ ಮಳೆಗಾಲದಲ್ಲಿ ಅದನ್ನು ಬದಲಿಸುತ್ತಿರಿ. ಅದೇ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್ ಇದ್ದರೆ ಮೊದಲು ಅದನ್ನು ತೆಗೆಯಿರಿ, ಅದರಲ್ಲೂ ಗಂಧಕ ಇರುತ್ತದೆ.