ಟಾರ್ಕ್ ಒಂದೇ, ಬೋಲ್ಟ್ ಎಳೆತ ಮಾತ್ರ ಬೇರೆ ಬೇರೆ ಯಾಕೆ?

ವಿಂಡ್‌ಸೈಟ್_ದುರ್ಗ:
ಚಿತ್ರದುರ್ಗದ ಕಡೆ ವಿಂಡ್‌ಮಿಲ್ ಮೇಂಟೆನೆನ್ಸ್‌ನಲ್ಲಿದ್ದೇನೆ. ಟವರ್ ಫ್ಲಾಂಜ್‌ನ (ಟವರ್ ತುಂಡುಗಳನ್ನು ಜೋಡಿಸುವ ಅಂಚು) ಎಂ36 (36 ಮಿ.ಮೀ. ದಪ್ಪ), 10.9 ಗ್ರೇಡ್ (ಗಟ್ಟಿ ಉಕ್ಕಿನ) ಬೋಲ್ಟ್‌ಗಳನ್ನು ಒಂದೇ ಟಾರ್ಕ್‌ಗೆ (ತಿರುಗಿಸುವ ಬಲ) ಬಿಗಿ ಮಾಡಿದೆವು. ಆಮೇಲೆ ಅಲ್ಟ್ರಾಸಾನಿಕ್ ಮೀಟರ್ ಇಟ್ಟು ನೋಡಿದರೆ ಪಕ್ಕಪಕ್ಕದ ಬೋಲ್ಟ್‌ಗಳಲ್ಲೇ ಎಳೆತ (ಬಿಗಿಯಾದಾಗ ಬೋಲ್ಟ್‌ನೊಳಗೆ ಬರುವ ಬಲ) ಸಿಕ್ಕಾಪಟ್ಟೆ ಹೆಚ್ಚುಕಡಿಮೆ. ಬಿಗಿ ಮಾಡುವ ಮೊದಲಿನ ಉದ್ದ ಬೆಳಿಗ್ಗೆ ಸ್ಟೋರ್‌ನಲ್ಲೇ ಅಳೆದಿಟ್ಟಿದ್ದೆವು, ಬೋಲ್ಟ್ ಮೇಲೆ ನಂಬರ್ ಕೂಡ ಬರೆದಿದ್ದೇವೆ. ಕೆಟ್ಟಿರೋದು ಮೀಟರಾ, ರೆಂಚಾ?

ಹಳೇ_ಫಿಟ್ಟರ್:
ಎರಡೂ ಸರಿಯೇ ಇರಬಹುದು. ಹಾಕಿದ ಟಾರ್ಕ್‌ನಲ್ಲಿ ಸುಮಾರು ಅರ್ಧ ನಟ್ ಕೆಳಗಿನ ಉಜ್ಜಾಟಕ್ಕೆ, ಶೇ. 40ರಷ್ಟು ಥ್ರೆಡ್ ಉಜ್ಜಾಟಕ್ಕೆ ಹೋಗುತ್ತದೆ, ಬೋಲ್ಟ್ ಎಳೆಯಲು ಉಳಿಯುವುದು ಶೇ. 10ರ ಆಸುಪಾಸು ಮಾತ್ರ. ಒಂದಕ್ಕೆ ಗ್ರೀಸ್ ಚೂರು ಕಡಿಮೆ ಬಿದ್ದರೂ ಆಟ ಮುಗೀತು. ಟಾರ್ಕ್ ನಂಬಿದರೆ ಶೇ. 25-30 ಏರುಪೇರು ಮಾಮೂಲಿ.

ಎನ್‌ಡಿಟಿ_ಮಂಜ:
ಮೇಲಿನವರು ಹೇಳಿದ್ದು ನಿಜ. ನನಗೆ ಅನುಮಾನ ಬಂದಿದ್ದು "ಬೆಳಿಗ್ಗೆ ಸ್ಟೋರ್‌ನಲ್ಲೇ" ಅನ್ನೋ ಮಾತಿನ ಮೇಲೆ. ಮೀಟರ್ ನೇರವಾಗಿ ಎಳೆತ ಅಳೆಯುವುದಿಲ್ಲ. ಬೋಲ್ಟ್ ತಲೆ ಮೇಲೆ ಇಡುವ ಪ್ರೋಬ್‌ನಿಂದ ಹೊರಟ ಸದ್ದು ಬೋಲ್ಟ್‌ನ ಆ ತುದಿ ಮುಟ್ಟಿ ವಾಪಸ್ ಬರಲು ಹಿಡಿದ ಸಮಯ ನೋಡುತ್ತದೆ, ಅಷ್ಟೇ. ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. ಬೋಲ್ಟ್ ಎಳೆದಾಗ ಅದು ಹಿಗ್ಗುತ್ತದೆ, ಜೊತೆಗೆ ಸದ್ದಿನ ವೇಗವೂ ಇಳಿಯುತ್ತದೆ. ಹಾಗಾಗಿ ಸಮಯ ಹೆಚ್ಚುವುದು ಹಿಗ್ಗಿದ್ದಕ್ಕಿಂತ ಮೂರು ಪಟ್ಟು, ಇನ್ನೂ ಜಾಸ್ತಿ. ಇದನ್ನೇ ಸ್ಟ್ರೆಸ್ ಫ್ಯಾಕ್ಟರ್ (ವೇಗ ಇಳಿದದ್ದನ್ನು ಲೆಕ್ಕದಿಂದ ತೆಗೆಯುವ ಅಂಕಿ) ಹಾಕಿ ಮೀಟರ್ ಸರಿದೂಗಿಸುತ್ತದೆ.

ಬಿಸಿಯೂ ಇದೇ ಕೆಲಸ ಮಾಡುತ್ತದೆ, ಬೆಳಿಗ್ಗೆ ಸ್ಟೋರ್‌ನಲ್ಲಿದ್ದ ತಾಪವೇ ಬಿಗಿ ಮಾಡಿದ ಮೇಲೂ ಇರಬೇಕೆಂದಿಲ್ಲ. 10 ಡಿಗ್ರಿ ವ್ಯತ್ಯಾಸಕ್ಕೆ, ಪೂರ್ತಿ ಬಿಗಿ ಮಾಡಿದಾಗಿನ ಎಳೆತದ ಸುಮಾರು ಹತ್ತನೇ ಒಂದು ಭಾಗ ಸುಳ್ಳು ಎಳೆತ ಸೇರಿಕೊಳ್ಳಬಹುದು. ಬೋಲ್ಟ್ ತಾಪ ಎಷ್ಟೆಂದು ಮೀಟರ್‌ಗೆ ಕೊಟ್ಟಿದ್ದೀರಾ? ಆದರೆ ತಾಪ ಎಲ್ಲ ಬೋಲ್ಟ್‌ಗಳನ್ನೂ ಒಂದೇ ಕಡೆಗೆ ತಳ್ಳುತ್ತದೆ, ಪಕ್ಕಪಕ್ಕದ್ದು ಬೇರೆ ಬರಲು ಅದು ಕಾರಣ ಅಲ್ಲ. ಪ್ರೋಬ್ ಸರಿಯಾಗಿ ಕೂರದಿದ್ದರೆ ಹಾಗೆ ಆಗಬಹುದು: ಬೋಲ್ಟ್ ತಲೆ ಮೇಲಿನ ಉಬ್ಬಕ್ಷರ ಉಜ್ಜಿ ಸಪಾಟು ಮಾಡಿದ್ರಾ? ಪ್ರೋಬ್ ಪ್ರತಿ ಸಲ ನಡುಮಧ್ಯಕ್ಕೇ ಇಟ್ರಾ?

ವಿಂಡ್‌ಸೈಟ್_ದುರ್ಗ:
ಅಕ್ಷರ ಉಜ್ಜಿಲ್ಲ, ಜೆಲ್ ಮಾತ್ರ ಹಚ್ಚಿದ್ದೆವು. ತಾಪವೂ ಕೊಟ್ಟಿಲ್ಲ. ಇನ್ನೊಂದು ಟವರ್‌ನಲ್ಲಿ ಮೊದಲಿನ ಉದ್ದ ತೆಗೆದುಕೊಳ್ಳದೇ ಬಿಗಿ ಮಾಡಿದ ಬೋಲ್ಟ್‌ಗಳಿವೆ, ಸುಮ್ನೆ ಪ್ರೋಬ್ ಇಟ್ಟರೆ ಎಳೆತ ಗೊತ್ತಾಗಲ್ವಾ?

ಎನ್‌ಡಿಟಿ_ಮಂಜ:
ಮಾಮೂಲಿ ಪ್ರೋಬ್‌ನಲ್ಲಿ ಆಗಲ್ಲ. ಹೋಲಿಸಲು ಮೊದಲಿನ ಅಳತೆಯೇ ಇಲ್ಲವಲ್ಲ. ಒಂದೊಂದಾಗಿ ಸಡಿಲಿಸಿ, ಮೀಟರ್‌ನಲ್ಲಿ ಉದ್ದ ಎಷ್ಟು ಇಳಿಯಿತು ನೋಡಿ, ಮತ್ತೆ ಬಿಗಿ ಮಾಡಿ. ಎರಡು ಬೋಲ್ಟ್ ಒಟ್ಟಿಗೆ ಬಿಚ್ಚಬೇಡಿ.

ಹಳೇ_ಫಿಟ್ಟರ್:
ಮೀಟರ್ ಜೊತೆ ಬಂದ ಫ್ಯಾಕ್ಟರ್ ಕಣ್ಮುಚ್ಚಿ ಬಳಸಬೇಡಿ. ಅದೇ ಬ್ಯಾಚ್‌ನ ಬೋಲ್ಟ್ ಒಂದನ್ನು ಲೋಡ್ ಸೆಲ್‌ನಲ್ಲಿ (ಬಲವನ್ನು ನೇರವಾಗಿ ಅಳೆಯುವ ಸಾಧನ) ಎಳೆಸಿ, ನಿಮ್ಮದೇ ಫ್ಯಾಕ್ಟರ್ ತೆಗೆದುಕೊಳ್ಳಿ.