ನಾಲ್ವರ ಪ್ರಾಜೆಕ್ಟ್ ತಂಡ: ಕೆಲಸ ಹಂಚಿಕೊಳ್ಳೋದು ಹೇಗೆ?

ವಿದ್ಯಾನಗರ_ದಾವಣಗೆರೆ:
ಇಂಜಿನಿಯರಿಂಗ್ ಕೊನೆ ವರ್ಷ, ತಂಡದಲ್ಲಿ ನಾಲ್ವರು. ಮೆಕ್ಕೆಜೋಳದ ತೇವಾಂಶ ಅಳೆಯೋ ಯಂತ್ರ ಮಾಡ್ಬೇಕು: ಕಾಳು ತುಂಬೋ ಡಬ್ಬಿ, ಕೆಪಾಸಿಟೆನ್ಸ್ ಸೆನ್ಸರ್ (ತೇವಕ್ಕೆ ತಕ್ಕಂತೆ ಬದಲಾಗೋ ವಿದ್ಯುತ್ ಗುಣ ಅಳೆಯೋದು), ಇಎಸ್‌ಪಿ32 ಬೋರ್ಡ್ (ರೀಡಿಂಗ್ ಓದಿ ಮೊಬೈಲ್‌ಗೆ ಕಳಿಸೋ ಪುಟ್ಟ ಕಂಪ್ಯೂಟರ್), ಮೊಬೈಲ್ ಆ್ಯಪ್. ಉಳಿದಿರೋದು 14 ವಾರ. ಇಬ್ಬರು ಹಾಸ್ಟೆಲ್, ಒಬ್ಬ ಹರಿಹರದಿಂದ, ಒಬ್ಬಳು ಚಿತ್ರದುರ್ಗದಿಂದ ದಿನಾ ಬಸ್ಸಲ್ಲಿ ಬರ್ತಾರೆ. ಗೆಳೆಯರು ಅಂತ ಸೇರಿದ ತಂಡ. ಮೂವರಿಗೆ ಕೋಡಿಂಗೇ ಬೇಕು, ಸೋಲ್ಡರಿಂಗ್ (ಬೆಸುಗೆ ಹಾಕೋದು) ಯಾರಿಗೂ ಬರಲ್ಲ. ಗ್ರೂಪಲ್ಲಿ ಎಲ್ಲರೂ "ಓಕೆ, ಮಾಡೋಣ" ಅಂತಾರೆ, ಅಲ್ಲಿಗೆ ಮುಗೀತು. ಲೀಡರ್ ಬೇಕಾ? ಕೆಲಸ ಮಾಡದವರನ್ನ ಏನು ಮಾಡೋದು?

ಸರ್ಕ್ಯೂಟ್_ಸಾವಕಾರ:
"ನೀನು ಹಾರ್ಡ್‌ವೇರ್, ನಾನು ಸಾಫ್ಟ್‌ವೇರ್" ಅಂತ ಹಂಚಬೇಡಿ. ಕೈಗೆ ಕೊಡಬಹುದಾದ ವಸ್ತುವಿನ ಲೆಕ್ಕದಲ್ಲಿ ಹಂಚಿ. "ಸೆನ್ಸರ್ ನೋಡ್ಕೋ" ಅನ್ನೋದು ಕೆಲಸ ಅಲ್ಲ. "ಖಾಲಿ ಡಬ್ಬಿ ಮತ್ತು ತುಂಬಿದ ಡಬ್ಬಿಯ ರೀಡಿಂಗ್, ತಲಾ ಹತ್ತು ಸಲ, ಶೀಟಲ್ಲಿ ಬರೆದು ಗುರುವಾರ ಸಂಜೆಗೆ" ಅನ್ನೋದು ಕೆಲಸ. ಪ್ರತಿ ಸಾಲಿಗೂ ಒಂದೇ ಹೆಸರು. ಹತ್ತು ಜನ ಸೇರಿದ್ರೆ ಹಾವು ಸಾಯಲ್ಲ ಅಂತಾರಲ್ಲ, ಅದನ್ನ ರಿಂಗಲ್‌ಮನ್ ಅನ್ನೋ ಫ್ರೆಂಚ್ ಕೃಷಿ ಇಂಜಿನಿಯರ್ ಹಗ್ಗ ಎಳೆಸಿಯೇ ತೋರಿಸಿದ್ದ, 1913ರಲ್ಲಿ ಪ್ರಕಟಿಸಿದ: ಎಳೆಯೋರು ಹೆಚ್ಚಾದಂತೆ ತಲಾ ಎಳೆತ ಕಡಿಮೆ.

ತಂಡಗಳು ಮುಗ್ಗರಿಸೋದು ಒಬ್ಬೊಬ್ಬರ ಭಾಗದಲ್ಲಿ ಅಲ್ಲ, ಎರಡು ಭಾಗ ಕೂಡೋ ಜಾಗದಲ್ಲಿ. ಸೆನ್ಸರ್ ಮಾಡಿದವರು 5 ವೋಲ್ಟ್ ಕೊಡ್ತಾರೆ, ಇಎಸ್‌ಪಿ32 ಪಿನ್ 3.3 ವೋಲ್ಟ್‌ನದು, ಬೋರ್ಡ್ ಹೋಗುತ್ತೆ. ಬೋರ್ಡಿನ ಕೋಡ್ ತೇವಾಂಶ 14.2 ಅನ್ನೋದನ್ನ 142 ಅಂತ ಕಳಿಸುತ್ತೆ, ಆ್ಯಪ್ ಬರೆದವರಿಗೆ ಹತ್ತರಿಂದ ಭಾಗಿಸಬೇಕು ಅಂತ ಯಾರೂ ಹೇಳಿರಲ್ಲ. ಅದಕ್ಕೇ ಮೊದಲ ವಾರವೇ ಒಂದು ಹಾಳೆ ಬರೆದು ನಾಲ್ವರೂ ಸಹಿ ಹಾಕಿ: ಯಾವ ಪಿನ್, ಎಷ್ಟು ವೋಲ್ಟ್, ಯಾವ ಅಂಕಿ, ಎಷ್ಟು ಸೆಕೆಂಡಿಗೊಮ್ಮೆ. ಆ ಹಾಳೆ ಬದಲಾದ್ರೆ ಎಲ್ಲರಿಗೂ ತಿಳಿಸೋದು ಒಬ್ಬರ ಹೊಣೆ. ಲೀಡರ್ ಅಂದ್ರೆ ಅವರೇ. ಹೆಚ್ಚು ಮಾರ್ಕ್ಸ್ ತಗೊಂಡವರು ಬೇಕಿಲ್ಲ, ಫೋನ್ ಎತ್ತೋರು ಸಾಕು.

ಸೋಲ್ಡರಿಂಗ್ ಯಾರಿಗೂ ಬರಲ್ಲ ಅನ್ನೋದು ದೊಡ್ಡ ವಿಷಯ ಅಲ್ಲ. ಒಬ್ಬರು ಲ್ಯಾಬಲ್ಲಿ ಕೂತು ಹಾಳು ಬೋರ್ಡ್ ಮೇಲೆ ಕಲೀಲಿ, ಎರಡು ಮಧ್ಯಾಹ್ನ ಸಾಕು.

ದುರ್ಗದ_ಲ್ಯಾಬ್:
ಮೇಲಿನವರು ಹೇಳಿದ ಒಂದೇ ಹೆಸರಿನ ವಿಚಾರಕ್ಕೆ ಅರ್ಧ ಒಪ್ಪಿಗೆ. ಹೊಣೆ ಒಬ್ಬರದೇ ಇರಲಿ, ಆದ್ರೆ ಪಕ್ಕದಲ್ಲಿ ಪರಿಶೀಲಿಸೋರ ಹೆಸರೂ ಬೇಕು. ಇಲ್ಲಾಂದ್ರೆ ಕೋಡ್ ಗೊತ್ತಿದ್ದ ಒಬ್ಬನೇ ಜ್ವರ ಬಂದು ಮಲಗಿದ್ರೆ ಎಲ್ಲ ನಿಂತ್ಹೋಗುತ್ತೆ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಉಳಿದ ಮೂವರು ತಬ್ಬಿಬ್ಬಾಗ್ತಾರೆ.

ನಿಮ್ಮ ಪ್ರಾಜೆಕ್ಟಲ್ಲೇ ನೋಡಿ. ಕ್ಯಾಲಿಬ್ರೇಷನ್‌ಗೆ, ಅಂದ್ರೆ ಸೆನ್ಸರ್ ರೀಡಿಂಗನ್ನ ನಿಜವಾದ ತೇವಾಂಶಕ್ಕೆ ಹೊಂದಿಸೋಕೆ, ಬೇರೆ ಬೇರೆ ತೇವಾಂಶದ ಕಾಳು ಬೇಕು. 12%ನ ಒಂದು ಕಿಲೋ ಕಾಳನ್ನ 18%ಗೆ ಏರಿಸೋಕೆ ಎಷ್ಟು ನೀರು? ತುಂಬಾ ಜನ ಥಟ್ಟನೆ 60 ಗ್ರಾಂ ಅಂತಾರೆ. ನೀರು ಸೇರಿದ ಮೇಲೆ ಒಟ್ಟು ತೂಕವೂ ಏರುತ್ತೆ, ಹಾಗಾಗಿ 1000 × 6 ÷ 82 (82 ಅಂದ್ರೆ 100 − 18), ಅಂದ್ರೆ ಸುಮಾರು 73 ಗ್ರಾಂ. ಎರಡನೇ ಕಣ್ಣು ಇದ್ರೆ ಇಂಥದ್ದು ಸಿಕ್ಕಿಬೀಳುತ್ತೆ. ನೀರು ಹಾಕಿದ ಕಾಳನ್ನ ಗಾಳಿಯಾಡದ ಚೀಲದಲ್ಲಿ ಕಟ್ಟಿ ಎರಡು ಮೂರು ದಿನ ಫ್ರಿಜ್‌ನಲ್ಲಿಟ್ಟು ಆಗಾಗ ಅಲುಗಾಡಿಸಬೇಕು. ತೆಗೆದ ತಕ್ಷಣ ಅಳೆಯಬೇಡಿ, ಕೋಣೆಯ ಬಿಸಿಗೆ ಬರಲಿ. ಕೆಪಾಸಿಟೆನ್ಸ್ ರೀಡಿಂಗ್ ಉಷ್ಣಾಂಶಕ್ಕೂ ಬದಲಾಗುತ್ತೆ.

ಇನ್ನೊಂದು. ಕಾಳಿನ ನಿಜವಾದ ತೇವಾಂಶ ತಿಳಿಯೋಕೆ ಅದನ್ನ ಒಣಗಿಸಿ ತೂಗಬೇಕು. ಇಡೀ ಕಾಳಿನ ಈ ಓವನ್ ಪರೀಕ್ಷೆ 103 ಡಿಗ್ರಿಯಲ್ಲಿ 72 ಗಂಟೆ. ಶುಕ್ರವಾರ ಸಂಜೆ ಇಟ್ರೆ ಸೋಮವಾರ ಸಂಜೆಗೆ ತೆಗೆಯೋದು. ಐದು ತೇವಾಂಶಕ್ಕೆ ಮೂರು ಮೂರು ಡಬ್ಬಿ, 15 ಆಯ್ತು. ಓವನ್ ಬುಕ್ ಮಾಡೋದನ್ನ ಇವತ್ತೇ ಒಬ್ಬರ ಹೆಸರಿಗೆ ಬರೀರಿ. ಕೊನೆಗೆ ಎಲ್ಲ ತಂಡಗಳೂ ಅದೇ ಓವನ್ ಮುಂದೆ ಸಾಲು ನಿಲ್ತವೆ.

ಹರಿಹರ_ಪ್ಯಾಸೆಂಜರ್:
ಬಸ್ಸಿನವರ ಬಗ್ಗೆ ಯಾರೂ ಮಾತಾಡ್ಲಿಲ್ಲ ನೋಡ್ರಿ. ಸಂಜೆ ಆರಕ್ಕೆ ಮೀಟಿಂಗ್ ಇಟ್ರೆ ಇಬ್ಬರು ಇಲ್ಲ, ಆಮೇಲೆ "ಅವರು ಬರಲ್ಲ" ಅನ್ನೋ ಮಾತು. ವಾರಕ್ಕೆ ಎರಡು ಸಲ, ಮಧ್ಯಾಹ್ನ ಊಟದ ಬಿಡುವಲ್ಲಿ, 15 ನಿಮಿಷ, ನಿಂತುಕೊಂಡೇ ಮಾಡ್ರಿ. ಏನು ಮುಗೀತು, ಏನು ತಡೆದೈತೆ, ಮುಂದೆ ಏನು. ತೀರ್ಮಾನ ಮಾತ್ರ ನೋಟ್‌ಬುಕ್ಕಿಗೆ, ದಿನಾಂಕ ಹಾಕಿ. ದೂರದವರಿಗೆ ಲ್ಯಾಬ್ ಬೇಡದ ಕೆಲಸ ಕೊಡ್ರಿ: ಆ್ಯಪ್, ಎಪಿಎಂಸಿಯಿಂದ ಕಾಳಿನ ಸ್ಯಾಂಪಲ್ ತರೋದು. ಐದನೆಯವರನ್ನ ಮಾತ್ರ ಸೇರಿಸ್ಕೋಬ್ಯಾಡ್ರಿ. ನಾಲ್ವರಲ್ಲಿ ಮಾತುಕತೆಯ ಜೋಡಿ 6, ಐವರಾದ್ರೆ 10.

ವಿದ್ಯಾನಗರ_ದಾವಣಗೆರೆ:
ಎಲ್ಲರಿಗೂ ಥ್ಯಾಂಕ್ಸ್. ಒಬ್ಬ ಏನೂ ಮಾಡ್ತಿಲ್ಲ, ಅವನಿಗೆ ರಿಪೋರ್ಟ್ ಬರೆಯೋದು ಕೊಟ್ರೆ ಆಗುತ್ತಾ? ಈಗಾಗ್ಲೇ ಒಂದು ಜಗಳನೂ ಆಗಿದೆ.

ದುರ್ಗದ_ಲ್ಯಾಬ್:
ರಿಪೋರ್ಟ್ ಮಾತ್ರ ಕೊಡಬೇಡಿ. ಕೆಲಸ ಮುಟ್ಟದವನು ಏನಂತ ಬರೀತಾನೆ? ಎಲ್ಲಿಂದಲೋ ಎತ್ತಿ ತಂದು ಅಂಟಿಸ್ತಾನೆ, ವೈವಾದಲ್ಲಿ ಸಿಕ್ಕಿಬೀಳೋದು ನೀವೂ. ಅವರವರ ಅಧ್ಯಾಯ ಅವರವರೇ ಬರೀಲಿ.

ಜಗಳಕ್ಕೆ ಗಾಬರಿ ಬೇಡ. ಟಕ್‌ಮನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ತಂಡ ಬೆಳೆಯೋ ಬಗೆ ಬಗ್ಗೆ 1965ರಲ್ಲಿ ಹೇಳಿದ ನಾಲ್ಕು ಹಂತದಲ್ಲಿ ಎರಡನೆಯದೇ ಜಗಳ, ಅದಾದ ಮೇಲೇ ನಿಯಮ ಕೂಡಿಬರೋದು. ಮೊದಲು ಅವನಿಗೆ ಕೆಲಸ ಬರಲ್ವಾ, ಬೇಡ್ವಾ ಅಂತ ಒಬ್ಬರೇ ಹೋಗಿ ಕೇಳಿ, ಗ್ರೂಪಲ್ಲಿ ಬೇಡ. ಬರಲ್ಲ ಅಂದ್ರೆ ಎರಡು ದಿನದಲ್ಲಿ ಮುಗಿಯೋ ಸಣ್ಣ ಕೆಲಸ ಕೊಟ್ಟು ಜೊತೆಗೆ ಒಬ್ಬರು ಕೂರಿ. ಓವನ್ ಡಬ್ಬಿಗಳಿಗೆ ನಂಬರ್ ಬರೆದು ಖಾಲಿ ತೂಕ ಪಟ್ಟಿ ಮಾಡೋದು ಅಂಥ ಕೆಲಸ. ಅದು ತಪ್ಪಿದ್ರೆ ಮೂರು ದಿನದ ಪರೀಕ್ಷೆ ನೀರಲ್ಲಿ ಹೋಮ, ಹಾಗಾಗಿ ಪರಿಶೀಲಿಸೋರು ಇರಲಿ. ಎರಡು ಸಲ ತಪ್ಪಿಸಿದ್ರೆ ಕೆಲಸ ಬೇರೆಯವರಿಗೆ ಹೋಯ್ತು ಅಂತ ನೋಟ್‌ಬುಕ್ಕಲ್ಲಿ ಬರೆದು ಅವನಿಗೂ ತೋರಿಸಿ. ಮೂರನೇ ಸಲಕ್ಕೆ ಅದೇ ನೋಟ್‌ಬುಕ್ ಹಿಡ್ಕೊಂಡು, ಅವನನ್ನೂ ಕರ್ಕೊಂಡು ಗೈಡ್ ಹತ್ರ ಹೋಗಿ. ಕೊನೇ ತಿಂಗಳವರೆಗೆ ಕಾಯಬೇಡಿ, ಆಗ ಗೈಡ್ ಕೈಯಲ್ಲೂ ಏನೂ ಉಳಿದಿರಲ್ಲ.